ಓದುಗರ ಪ್ರಶ್ನೆ: ಒಂದು ಲೀಟರ್‌ನಲ್ಲಿ ಎಷ್ಟು ಕಿಲೋ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದ್ರವಗಳ ಬಗ್ಗೆಯೇ ಇವೆ. ನನಗಂತೂ ಖುಷಿಯಾಯಿತು. ಪ್ರಯೋಗಾಲಯದಲ್ಲಿ ದ್ರವಗಳನ್ನು ಅಳೆಯುತ್ತಾ, ತೂಗುತ್ತಾ, ಮಕ್ಕಳ ಕೈಯಲ್ಲಿ ತೂಗಿಸುತ್ತಾ ಕೆಲಸ ಮಾಡಿದವಳು ನಾನು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಅಂತ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಈ ಮೂರರಲ್ಲಿ ಯಾವುದು ಗಟ್ಟಿಯಾಗಿ ನಿಲ್ಲುತ್ತದೆ, ಯಾವುದು ಕೈಕೊಡುತ್ತದೆ ಅಂತ ತಿಳಿಯಬೇಕು. ಕೈಕೊಡುವುದು ಹೆಚ್ಚಾಗಿ ಗಾತ್ರ. ಕೆಳಗಿನ ಪತ್ರಗಳಲ್ಲಿ ಅದು ನಿಮಗೇ ಕಾಣುತ್ತದೆ.

ಪ್ರಶ್ನೆ: ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಟೀಚರ್ ಬಣ್ಣವಿಲ್ಲದ ಒಂದು ದ್ರವ ಕೊಟ್ಟು, ಹೆಸರು ಹೇಳದೆ, ಇದರ ಸಾಂದ್ರತೆ ಕಂಡುಹಿಡಿಯಿರಿ ಅಂದರು. ಪ್ಲಾಸ್ಟಿಕ್ ಅಳತೆ ಜಾಡಿಗೆ 20 ಮಿಲಿಲೀಟರ್ ಹಾಕಿ ತೂಗಿದಾಗ 77.1 ಗ್ರಾಂ ಬಂತು. 40ಕ್ಕೆ 102.5, 60ಕ್ಕೆ 127.5. ಭಾಗಿಸಿದರೆ 3.86, 2.56, 2.13. ದ್ರವ ಜಾಸ್ತಿ ಆದ ಹಾಗೆ ಸಾಂದ್ರತೆ ಕಡಿಮೆ ಆಗುತ್ತಾ? ಹಾಗಾದರೆ ಪುಸ್ತಕದಲ್ಲಿ ಬದಲಾಗುವುದಿಲ್ಲ ಅಂತ ಯಾಕೆ ಬರೆದಿದ್ದಾರೆ?

ಉತ್ತರ: ಮೊದಲಿಗೆ, ಅಂಕಿಗಳನ್ನು ಕಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಪುಟ್ಟಾ. ಅಂಕಿ ಇದ್ದರೆ ಉತ್ತರ ಹುಡುಕುವುದು ಸುಲಭ. ನಿನ್ನ ಉತ್ತರ ಅದರಲ್ಲೇ ಇದೆ.

ಭಾಗಿಸುವುದನ್ನು ಸ್ವಲ್ಪ ಹೊತ್ತು ಬಿಡು. ಕಳೆದು ನೋಡು. 20ರಿಂದ 40 ಮಿಲಿಲೀಟರ್‌ಗೆ ಹೋದಾಗ ತೂಕ 25.4 ಗ್ರಾಂ ಏರಿದೆ. 40ರಿಂದ 60ಕ್ಕೆ ಹೋದಾಗ 25.0 ಗ್ರಾಂ. ಹೆಚ್ಚುಕಮ್ಮಿ ಒಂದೇ, ಅಲ್ವಾ? ಅಂದರೆ ಎರಡನೇ ಸಲ ಹಾಕಿದ ದ್ರವವೂ ಮೂರನೇ ಸಲ ಹಾಕಿದ ದ್ರವವೂ ಒಂದೇ ರೀತಿ ನಡೆದುಕೊಂಡಿವೆ. ದ್ರವದಲ್ಲಿ ಏನೂ ಎಡವಟ್ಟಿಲ್ಲ.

ಈಗ ಲೆಕ್ಕ ಮಾಡೋಣ. ಒಟ್ಟು 40 ಮಿಲಿಲೀಟರ್ ಹೆಚ್ಚಿದ್ದಕ್ಕೆ 50.4 ಗ್ರಾಂ ಹೆಚ್ಚಿದೆ. ಅಂದರೆ ಒಂದು ಮಿಲಿಲೀಟರ್‌ಗೆ 1.26 ಗ್ರಾಂ. ಹಾಗಿದ್ದರೆ ಮೊದಲ 20 ಮಿಲಿಲೀಟರ್ ಬರೀ 25.2 ಗ್ರಾಂ ತೂಗಬೇಕಿತ್ತು. ನಿನ್ನ ತಕ್ಕಡಿ ತೋರಿಸಿದ್ದು 77.1. ಉಳಿದ ಸುಮಾರು 52 ಗ್ರಾಂ ಎಲ್ಲಿಂದ ಬಂತು? ಜಾಡಿಯಿಂದ! ಖಾಲಿ ಜಾಡಿಯ ತೂಕವನ್ನು ನೀನು ಕಳೆದಿಲ್ಲ. ನಾಳೆ ಶಾಲೆಗೆ ಹೋಗಿ ಅದೇ ಜಾಡಿಯನ್ನು ತೊಳೆದು, ಒಣಗಿಸಿ, ತೂಗಿ ನೋಡು. 52 ಗ್ರಾಂ ಆಸುಪಾಸಿನಲ್ಲಿ ಬರಬೇಕು.

ಜಾಡಿಯ 52 ಗ್ರಾಂ ಯಾವಾಗಲೂ ಅಷ್ಟೇ ಇರುತ್ತದೆ. ದ್ರವ ಕಡಿಮೆ ಇದ್ದಾಗ ಆ 52 ಗ್ರಾಂ ಸ್ವಲ್ಪವೇ ಮಿಲಿಲೀಟರ್‌ಗಳಿಗೆ ಹಂಚಿಹೋಗುತ್ತದೆ. ದ್ರವ ಜಾಸ್ತಿ ಆದಾಗ ಹೆಚ್ಚು ಮಿಲಿಲೀಟರ್‌ಗಳಿಗೆ ಹಂಚಿಹೋಗುತ್ತದೆ. ಅದಕ್ಕೇ ನಿನ್ನ ಉತ್ತರ ಇಳಿಯುತ್ತಾ ಹೋಯಿತು. ಇನ್ನೂ ದ್ರವ ಹಾಕುತ್ತಲೇ ಹೋಗಿದ್ದರೆ ಅದು 1.26ರ ಹತ್ತಿರ ಹತ್ತಿರ ಬರುತ್ತಿತ್ತು.

ಇದನ್ನೇ ಗ್ರಾಫ್ ಹಾಳೆಯ ಮೇಲೆ ಹಾಕು. ಅಡ್ಡ ರೇಖೆಯಲ್ಲಿ ಗಾತ್ರ, ಉದ್ದ ರೇಖೆಯಲ್ಲಿ ತೂಕ. ಮೂರು ಚುಕ್ಕೆಗಳನ್ನು ಸೇರಿಸಿದರೆ ನೇರ ಗೆರೆ ಬರುತ್ತದೆ. ಆದರೆ ಆ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ, 52ರಿಂದ ಹೊರಡುತ್ತದೆ. ಗೆರೆ ಎಷ್ಟು ಕಡಿದಾಗಿ ಏರುತ್ತದೆ ಅನ್ನುವುದೇ ದ್ರವದ ಸಾಂದ್ರತೆ. ಎಲ್ಲಿಂದ ಹೊರಡುತ್ತದೆ ಅನ್ನುವುದು ಜಾಡಿಯ ತೂಕ. ಒಂದೇ ಗೆರೆಯಲ್ಲಿ ಎರಡೂ ಸಿಕ್ಕವು ನೋಡು. ಒಂದೇ ಸಲ ತೂಗಿ ಭಾಗಿಸುವ ಬದಲು ಮೂರ್ನಾಲ್ಕು ಬೇರೆ ಬೇರೆ ಗಾತ್ರ ತಗೊಂಡು ಗ್ರಾಫ್ ಎಳೆಯಿರಿ ಅಂತ ನಾನು ಹಟ ಮಾಡುವುದು ಇದೇ ಕಾರಣಕ್ಕೆ.

ನಿನ್ನ ದ್ರವ ಯಾವುದು ಅಂತಲೂ ಹೇಳಬಹುದು ಅನ್ನಿಸುತ್ತದೆ. ಜಾಡಿಯ ಗೋಡೆಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತಾ? ಹಾಗಿದ್ದರೆ ಅದು ಗ್ಲಿಸರಿನ್. ಅದರ ಸಾಂದ್ರತೆ ಮಿಲಿಲೀಟರ್‌ಗೆ 1.26 ಗ್ರಾಂ. ನೀನು ಜಾಡಿಯಲ್ಲೇ ಇಟ್ಟು ತೂಗಿದ್ದು ತುಂಬಾ ಒಳ್ಳೆಯದಾಯಿತು. ಬೇರೆ ಬೀಕರ್‌ಗೆ ಸುರಿದು ತೂಗಿದ್ದರೆ ಒಂದಷ್ಟು ಗ್ಲಿಸರಿನ್ ಜಾಡಿಯ ಗೋಡೆಯಲ್ಲೇ ಉಳಿದು ಲೆಕ್ಕ ತಪ್ಪುತ್ತಿತ್ತು. ಇನ್ನೊಂದು ಮಾತು: ಜಾಡಿಯಲ್ಲಿ ದ್ರವದ ಮೇಲ್ಭಾಗ ಬಾಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಬಾಗಿನ ತಳವನ್ನು ಓದಬೇಕು. ಮೇಲಿನಿಂದ ಇಣುಕಿ ನೋಡಿದರೆ ಅರ್ಧ ಮಿಲಿಲೀಟರ್ ಸುಮ್ನೆ ಹೆಚ್ಚುಕಮ್ಮಿ ಆಗಿಬಿಡುತ್ತದೆ.

ಪ್ರಶ್ನೆ: ಹರಳೆಣ್ಣೆ ನೀರಿಗಿಂತ ಎಷ್ಟೋ ಪಟ್ಟು ಗಟ್ಟಿ. ಆದರೂ ನೀರಿನ ಮೇಲೆ ತೇಲುತ್ತದೆ. ಗಟ್ಟಿ ಇರುವುದು ಭಾರವಾಗಿ ಕೆಳಗೆ ಹೋಗಬೇಕಲ್ಲವೇ?

ಉತ್ತರ: ಸುರಿಯುವಾಗ ನಿಧಾನವಾಗಿ ಇಳಿಯುವ ಗುಣವನ್ನು ನಾವು ಗಟ್ಟಿ, ಮಂದ ಅಂತೀವಿ. ಅದು ಸ್ನಿಗ್ಧತೆ. ಸಾಂದ್ರತೆಗೂ ಅದಕ್ಕೂ ನೇರ ಸಂಬಂಧವೇ ಇಲ್ಲ. ಸ್ನಿಗ್ಧತೆ ಹೇಳುವುದು ದ್ರವದ ಅಣುಗಳು ಒಂದರ ಪಕ್ಕ ಒಂದು ಜಾರಲು ಎಷ್ಟು ತಕರಾರು ಮಾಡುತ್ತವೆ ಅಂತ. ಸಾಂದ್ರತೆ ಹೇಳುವುದು ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ತುಂಬಿದೆ ಅಂತ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಜೋಡಿ ಇದೆ. ಹರಳೆಣ್ಣೆ ಮತ್ತು ಗ್ಲಿಸರಿನ್. ಎರಡೂ ನೀರಿಗಿಂತ ಸುಮಾರು ಸಾವಿರ ಪಟ್ಟು ಮಂದ. ಚಮಚದಿಂದ ಇಳಿಬಿಟ್ಟರೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ದಾರದಂತೆ ಇಳಿಯುತ್ತವೆ. ಒಂದು ಗಾಜಿನ ಲೋಟದಲ್ಲಿ ಮೊದಲು ಗ್ಲಿಸರಿನ್ ಹಾಕಿ. ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ನೀರು ಬಿಡಿ. ಆಮೇಲೆ ಹರಳೆಣ್ಣೆ. ಗ್ಲಿಸರಿನ್ ತಳದಲ್ಲಿ ಕೂರುತ್ತದೆ, ಹರಳೆಣ್ಣೆ ಮೇಲೆ ನಿಲ್ಲುತ್ತದೆ, ನೀರು ನಡುವೆ. ಹರಳೆಣ್ಣೆಯ ಸಾಂದ್ರತೆ 0.96, ನೀರಿನದು 1, ಗ್ಲಿಸರಿನ್‌ನದು 1.26. ಲೋಟದಲ್ಲಿ ಕಂಡದ್ದು ಇದೇ ಸಾಲು. ಕಲಕಬೇಡಿ. ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆಯುವ ದ್ರವ, ಕಲಕಿದರೆ ಆ ಎರಡು ಪದರಗಳು ಒಂದಾಗುತ್ತವೆ.

ಇದರ ಉಲ್ಟಾ ಉದಾಹರಣೆ ಪಾದರಸ. ಅದು ನೀರಿಗಿಂತ ಒಂದೂವರೆ ಪಟ್ಟು ಮಾತ್ರ ಮಂದ. ಚುರುಕಾಗಿ ಹರಿದಾಡುತ್ತದೆ. ಆದರೆ ಸಾಂದ್ರತೆ 13.6! ಅರ್ಧ ಲೀಟರ್ ಪಾದರಸದ ಬಾಟಲಿ ಅಂದರೆ ದ್ರವವೇ 6.8 ಕಿಲೋ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರು ಅದನ್ನು ಕಪಾಟಿನಿಂದ ಒಂದೇ ಕೈಯಲ್ಲಿ ಎತ್ತಲು ಹೋಗುತ್ತಾರೆ. ಬಾಟಲಿ ಅಲ್ಲಾಡುವುದೇ ಇಲ್ಲ. ಅಂಟಿಸಿಟ್ಟಿದ್ದಾರೋ ಏನೋ ಅನ್ನುವ ಹಾಗೆ ಮುಖ ಮಾಡುತ್ತಾರೆ. ಕಣ್ಣು ಅಷ್ಟು ಗಾತ್ರಕ್ಕೆ ಇಷ್ಟು ಭಾರ ಅಂತ ನೀರಿನ ಲೆಕ್ಕದಲ್ಲಿ ಅಂದಾಜು ಮಾಡಿರುತ್ತದೆ, ಕೈ ಅದನ್ನು ನಂಬಿರುತ್ತದೆ. ಕಬ್ಬಿಣದ ಬೋಲ್ಟ್ ಪಾದರಸದ ಮೇಲೆ ತೇಲುತ್ತದೆ. ಸೀಸವೂ ತೇಲುತ್ತದೆ, ಅದರ ಸಾಂದ್ರತೆ 11.3. ಆದರೆ ಚಿನ್ನ ಮುಳುಗುತ್ತದೆ, ಅದು 19.3. (ಪಾದರಸದ ಆವಿ ವಿಷ. ಮನೆಯಲ್ಲಿ ಯಾರೂ ಇದನ್ನು ಪ್ರಯತ್ನ ಮಾಡಬಾರದು.)

ಪ್ರಶ್ನೆ: ಒಂದು ಲೀಟರ್ ನೀರು ಸರಿಯಾಗಿ ಒಂದು ಕಿಲೋ ತೂಗುತ್ತದೆ. ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡದ್ದು ಕಾಕತಾಳೀಯವೇ?

ಉತ್ತರ: ಅಲ್ಲವೇ ಅಲ್ಲ. ಹಾಗೆ ಬರಲಿ ಅಂತಲೇ ಮಾಡಿದ್ದು. 1795ರಲ್ಲಿ ಫ್ರಾನ್ಸ್‌ನಲ್ಲಿ ಹೊಸ ಅಳತೆ ಪದ್ಧತಿ ತಂದಾಗ, ಒಂದು ಘನ ಸೆಂಟಿಮೀಟರ್ ಶುದ್ಧ ನೀರಿನ ತೂಕವೇ ಒಂದು ಗ್ರಾಂ ಅಂತ ಕಾನೂನು ಮಾಡಿದರು. ಮೊದಲು ಕರಗುವ ಮಂಜುಗಡ್ಡೆಯ ತಾಪಮಾನ ಅಂದಿದ್ದರು. ಆಮೇಲೆ 4 ಡಿಗ್ರಿ ಸೆಲ್ಸಿಯಸ್ ಉತ್ತಮ ಅಂತ ಕಂಡಿತು. ಯಾಕೆಂದರೆ ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಅಲ್ಲಿ. ಆ ಜಾಗದಲ್ಲಿ ತಾಪಮಾನ ಚೂರು ಆಚೀಚೆ ಆದರೂ ಗಾತ್ರ ಅಷ್ಟಾಗಿ ಬದಲಾಗುವುದಿಲ್ಲ. 1799ರಲ್ಲಿ ಆ ಲೆಕ್ಕಕ್ಕೆ ಸರಿಯಾಗಿ ಪ್ಲಾಟಿನಂನ ಒಂದು ಕಿಲೋ ತೂಕದ ಬೊಟ್ಟು (ತಕ್ಕಡಿಯಲ್ಲಿ ಇಡುವ ತೂಕದ ಕಲ್ಲಿನಂಥದ್ದು) ಮಾಡಿಟ್ಟರು.

ಆ ಬೊಟ್ಟು ನೀರಿಗೆ ಪೂರ್ತಿ ಸರಿಹೊಂದಿರಲಿಲ್ಲ ಅಂತ ನಂತರ ಗೊತ್ತಾಯಿತು. ವ್ಯತ್ಯಾಸ ಬಹಳ ಚಿಕ್ಕದು, ಹತ್ತು ಲಕ್ಷದಲ್ಲಿ 28 ಪಾಲು. 1901ರಲ್ಲಿ ಲೀಟರನ್ನು ಒಂದು ಕಿಲೋ ನೀರಿನ ಗಾತ್ರ ಅಂತ ಹೇಳಿದ್ದರು. ಹಾಗಾಗಿ ಒಂದು ಲೀಟರ್ ಅಂದರೆ 1.000028 ಘನ ಡೆಸಿಮೀಟರ್ (ಒಂದು ಘನ ಡೆಸಿಮೀಟರ್ ಅಂದರೆ 1,000 ಘನ ಸೆಂಟಿಮೀಟರ್) ಅನ್ನುವ ವಿಚಿತ್ರ ಸ್ಥಿತಿ ಬಂತು. 1964ರಲ್ಲಿ ಅದನ್ನು ಕೈಬಿಟ್ಟು, ಲೀಟರ್ ಅಂದರೆ ಸರಿಯಾಗಿ ಒಂದು ಘನ ಡೆಸಿಮೀಟರ್ ಅಂತ ನಿಗದಿ ಮಾಡಿದರು. ಕಿಲೋಗೂ ಈಗ ನೀರಿನ ಹಂಗಿಲ್ಲ, ಬೊಟ್ಟಿನ ಹಂಗೂ ಇಲ್ಲ. 2019ರಿಂದ ಅದು ಪ್ಲಾಂಕ್ ಸ್ಥಿರಾಂಕ ಅನ್ನುವ, ಎಲ್ಲೂ ಬದಲಾಗದ ಭೌತಶಾಸ್ತ್ರದ ಅಂಕಿಯ ಮೇಲೆ ನಿಂತಿದೆ.

ಒಂದು ಲೀಟರ್ ನೀರು 4 ಡಿಗ್ರಿಯಲ್ಲಿ 999.97 ಗ್ರಾಂ. 20 ಡಿಗ್ರಿಯಲ್ಲಿ 998.2. 30 ಡಿಗ್ರಿಯಲ್ಲಿ 995.7. ಕುದಿಯುವ ಹಂತಕ್ಕೆ ಬಂದರೆ 958 ಗ್ರಾಂ ಮಾತ್ರ. ದಿನನಿತ್ಯದ ಕೆಲಸಕ್ಕೆ ಒಂದು ಕಿಲೋ ಅಂದರೆ ಸಾಕು. ಬಿಸಿ ನೀರಿನ ಲೆಕ್ಕಕ್ಕೆ ಸಾಲದು. ಹೆಪ್ಪುಗಟ್ಟಿದರಂತೂ ಆ ಒಂದು ಲೀಟರ್ ಸುಮಾರು 1.09 ಲೀಟರ್ ಆಗುತ್ತದೆ. ಮುಚ್ಚಳ ಬಿಗಿದು ಫ್ರೀಜರ್‌ನಲ್ಲಿಟ್ಟ ಗಾಜಿನ ಬಾಟಲಿ ಒಡೆಯುವುದು ಇದಕ್ಕೇ. ಗ್ರಾಂ ಅಷ್ಟೇ ಇದೆ, ಜಾಗ ಸಾಲದಾಯಿತು.

ಪ್ರಶ್ನೆ: ಬೆಳಗಿನ ತಂಪಿನಲ್ಲಿ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಇದು ನಿಜವೇ? ವಿಮಾನಗಳಿಗೆ ಇಂಧನವನ್ನು ಲೀಟರ್ ಬದಲು ಕಿಲೋ ಲೆಕ್ಕದಲ್ಲಿ ಹಾಕುತ್ತಾರಂತೆ, ಯಾಕೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಬೇರಿನವು.

ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಸಾವಿರದಲ್ಲಿ ಹೆಚ್ಚುಕಮ್ಮಿ ಒಂದು ಪಾಲು ಹಿಗ್ಗುತ್ತದೆ. ನೀರಿಗಿಂತ ಇದು ನಾಲ್ಕೈದು ಪಟ್ಟು ಜಾಸ್ತಿ. 40 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಗಾತ್ರ ಸುಮಾರು 0.4 ಲೀಟರ್ ಏರುತ್ತದೆ. ಗ್ರಾಂ ಒಂದೂ ಹೆಚ್ಚುವುದಿಲ್ಲ. ಎಂಜಿನ್‌ಗೆ ಬೇಕಾಗಿರುವುದು ಅಣುಗಳು, ಅಂದರೆ ಕಿಲೋ. ಹಾಗಾಗಿ ತಣ್ಣಗಿನ ಲೀಟರ್‌ನಲ್ಲಿ ಚೂರು ಹೆಚ್ಚು ಸರಕಿದೆ ಅನ್ನುವ ಮಾತು ತತ್ವದಲ್ಲಿ ಸರಿ. ಆದರೆ ಬಂಕಿನ ಟ್ಯಾಂಕ್ ನೆಲದ ಅಡಿಯಲ್ಲಿರುತ್ತದೆ. ಹೊರಗೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಎಷ್ಟೇ ವ್ಯತ್ಯಾಸ ಇರಲಿ, ಮಣ್ಣಿನ ಅಡಿಯ ಪೆಟ್ರೋಲ್‌ಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಬೆಳಗ್ಗೆ ಎದ್ದು ಓಡುವಷ್ಟು ಲಾಭ ಇಲ್ಲ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಮಾರುವವರು ಇದನ್ನು ಲೆಕ್ಕಕ್ಕೆ ತಗೋತಾರೆ. ಅಳೆದ ಗಾತ್ರವನ್ನು 15 ಡಿಗ್ರಿಯಲ್ಲಿ ಎಷ್ಟಿರುತ್ತಿತ್ತು ಅಂತ ಪರಿವರ್ತಿಸಿಯೇ ವ್ಯವಹಾರ ಮಾಡುವುದು ರೂಢಿ.

ವಿಮಾನದಲ್ಲಿ ಈ ಮಾತಿಗೆ ಜೀವದ ಬೆಲೆ. ಮೇಲೆ ಹಾರುವಾಗ ರೆಕ್ಕೆಯ ಟ್ಯಾಂಕಿನ ಇಂಧನ ತಣ್ಣಗಾಗಿ ಕುಗ್ಗುತ್ತದೆ. ಲೀಟರ್ ಕಡಿಮೆಯಾದಂತೆ ಕಾಣುತ್ತದೆ, ಆದರೆ ಶಕ್ತಿ ಕಡಿಮೆಯಾಗಿಲ್ಲ. ಇಂಧನದಿಂದ ಸಿಗುವ ಶಕ್ತಿ ಕಿಲೋಗೆ ಇಷ್ಟು ಅಂತ ನಿಂತಿರುತ್ತದೆ. ಮೇಲೇಳಲು ವಿಮಾನ ಎಷ್ಟು ಭಾರ ಅನ್ನುವುದೂ ಬೇಕು. ಎರಡಕ್ಕೂ ದ್ರವ್ಯರಾಶಿಯೇ ಆಧಾರ. ಆದರೆ ಟ್ಯಾಂಕರ್‌ನ ಮೀಟರ್ ತೋರಿಸುವುದು ಲೀಟರ್. ಲೀಟರ್‌ನಿಂದ ಕಿಲೋಗೆ ದಾಟಲು ಇರುವ ಸೇತುವೆ ಸಾಂದ್ರತೆ ಒಂದೇ.

ಆ ಸೇತುವೆ ಮುರಿದ ಒಂದು ಘಟನೆಯನ್ನು ನಾನು ಪ್ರತಿ ತರಗತಿಗೂ ಹೇಳುತ್ತಿದ್ದೆ. 1983ರ ಜುಲೈ 23. ಏರ್ ಕೆನಡಾದ 143ನೇ ಸಂಖ್ಯೆಯ ವಿಮಾನ, ಬೋಯಿಂಗ್ 767. ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೋಗಬೇಕಿತ್ತು. ಇಂಧನ ತೋರಿಸುವ ಗೇಜ್ ಕೆಟ್ಟಿತ್ತು. ರೆಕ್ಕೆಯ ಅಡಿಯ ಅಳತೆ ಕಡ್ಡಿಗಳಿಂದ ಮಟ್ಟ ನೋಡಿದರು. ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಪ್ರಯಾಣಕ್ಕೆ ಬೇಕಾಗಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು 1.77ರಿಂದ ಗುಣಿಸಿದರು. ಸುಮಾರು 13,600 ಬಂತು. ಅಷ್ಟು ಕಿಲೋ ಆಗಲೇ ಇದೆ ಅಂದುಕೊಂಡು, ಉಳಿದದ್ದಕ್ಕೆ ಸುಮಾರು 4,900 ಲೀಟರ್ ಹಾಕಿಸಿದರು.

ಆದರೆ 1.77 ಅನ್ನುವುದು ಒಂದು ಲೀಟರ್‌ಗೆ ಎಷ್ಟು ಪೌಂಡ್ ಅನ್ನುವ ಅಂಕಿ. ಹಳೆಯ ವಿಮಾನಗಳ ಲೆಕ್ಕ ಪೌಂಡ್‌ನಲ್ಲಿತ್ತು, ಈ ಹೊಸ ವಿಮಾನದ್ದು ಕಿಲೋದಲ್ಲಿ. ಬಳಸಬೇಕಾಗಿದ್ದದ್ದು ಸುಮಾರು 0.80. ಹಾಗೆ ಮಾಡಿದ್ದರೆ ಇರುವುದು 6,200 ಕಿಲೋ ಕೂಡ ಇಲ್ಲ, ಇನ್ನೂ ಸುಮಾರು 20,000 ಲೀಟರ್ ಹಾಕಬೇಕು ಅಂತ ಗೊತ್ತಾಗುತ್ತಿತ್ತು. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹೊರಟಿತು. 41,000 ಅಡಿ ಎತ್ತರದಲ್ಲಿದ್ದಾಗ ಇಂಧನ ಖಾಲಿ. ಎರಡೂ ಎಂಜಿನ್ ನಿಂತವು. ಪೈಲಟ್ ರಾಬರ್ಟ್ ಪಿಯರ್ಸನ್ ಮತ್ತು ಸಹಪೈಲಟ್ ಮೌರಿಸ್ ಕ್ವಿಂಟಾಲ್ ಎಂಜಿನ್ ಇಲ್ಲದ ವಿಮಾನವನ್ನು ತೇಲಿಸಿಕೊಂಡು ಬಂದು, ಮ್ಯಾನಿಟೋಬಾದ ಗಿಮ್ಲಿ ಎಂಬಲ್ಲಿ ವಾಯುಪಡೆ ಬಿಟ್ಟುಹೋಗಿದ್ದ ಹಳೆಯ ರನ್‌ವೇ ಮೇಲೆ ಇಳಿಸಿದರು. ಅದರಲ್ಲಿದ್ದ 69 ಜನರೂ ಬದುಕಿದರು.

ನನ್ನನ್ನು ಕಾಡುವುದು ಆ 1.77. ಅದನ್ನು ಲೀಟರ್‌ಗೆ ಕಿಲೋ ಅಂತ ಓದಿದರೆ ಏನರ್ಥ? ಇಂಧನ ನೀರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಭಾರ ಅಂತ. ಜೆಟ್ ಇಂಧನ ಅಂದರೆ ಸೀಮೆಎಣ್ಣೆಯ ಜಾತಿ. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತದೆ ಅಂತ ಎಲ್ಲರಿಗೂ ಗೊತ್ತು. ತೇಲುವ ದ್ರವದ ಅಂಕಿ 1ಕ್ಕಿಂತ ಕಡಿಮೆಯೇ ಇರಬೇಕು! ಲೆಕ್ಕ ಎರಡೆರಡು ಸಲ ಪರಿಶೀಲಿಸಿದರೂ ಅಂಕಗಣಿತ ಸರಿಯಾಗಿಯೇ ಇತ್ತು. ಅಂಕಿಯ ಹಿಂದಿನ ದ್ರವವನ್ನು ಮಾತ್ರ ಯಾರೂ ನೆನೆಸಿಕೊಳ್ಳಲಿಲ್ಲ. ಸಾಂದ್ರತೆಯ ಯಾವ ಅಂಕಿ ಬರೆದರೂ ಪಕ್ಕದಲ್ಲಿ ಅದರ ಮಾನ ಬರೆಯಿರಿ, ಆಮೇಲೆ ಈ ದ್ರವ ನೀರಿನಲ್ಲಿ ತೇಲುತ್ತಾ ಮುಳುಗುತ್ತಾ ಅಂತ ಒಂದು ಸಲ ಕೇಳಿಕೊಳ್ಳಿ ಅಂತ ನಾನು ವಿದ್ಯಾರ್ಥಿಗಳಿಗೆ ಬೇಡಿಕೊಳ್ಳುವುದು ಇದಕ್ಕೇ.

ಪ್ರಶ್ನೆ: ಲ್ಯಾಬ್‌ನಲ್ಲಿ 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಈಥೈಲ್ ಆಲ್ಕೋಹಾಲ್ ಬೆರೆಸಿದೆ. 100 ಬರಲಿಲ್ಲ, 96–97 ಅಷ್ಟೇ ಬಂತು. ಆಲ್ಕೋಹಾಲ್ ಆವಿಯಾಗಿ ಹೋಯಿತೇ?

ಉತ್ತರ: ಆವಿಯಾಗಿದ್ದರೆ ತೂಕ ಇಳಿಯಬೇಕು. ಅದೊಂದೇ ಪರೀಕ್ಷೆ ಸಾಕು. 20 ಡಿಗ್ರಿಯಲ್ಲಿ 50 ಮಿಲಿಲೀಟರ್ ಆಲ್ಕೋಹಾಲ್ 39.5 ಗ್ರಾಂ, 50 ಮಿಲಿಲೀಟರ್ ನೀರು 49.9 ಗ್ರಾಂ. ಸೇರಿ 89.4. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಬೆರೆಸಿ ತೂಗಿ. ಅದೇ 89.4 ಬರುತ್ತದೆ. ಏನೂ ಎಲ್ಲೂ ಹೋಗಿಲ್ಲ.

ದ್ರವ್ಯರಾಶಿ ಕೂಡಿಸಿದರೆ ಕೂಡುತ್ತದೆ. ಗಾತ್ರ ಹಾಗೆ ಕೂಡಲೇಬೇಕು ಅಂತ ಪ್ರಕೃತಿ ಎಲ್ಲೂ ಬರೆದುಕೊಟ್ಟಿಲ್ಲ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡು ನಿಲ್ಲುವ ರೀತಿಯಲ್ಲಿ ನಡುವೆ ಸಾಕಷ್ಟು ಖಾಲಿ ಜಾಗ ಉಳಿಯುತ್ತದೆ. ಆಲ್ಕೋಹಾಲ್ ಸೇರಿದಾಗ ಹೊಸ ಹಿಡಿತಗಳು ಹುಟ್ಟುತ್ತವೆ. ಎರಡು ಬಗೆಯ ಅಣುಗಳೂ ಮೊದಲಿಗಿಂತ ಒತ್ತಾಗಿ ಕೂರುತ್ತವೆ. ಹೊಸ ಹಿಡಿತ ಹುಟ್ಟಿದ್ದು ಕೈಗೂ ಗೊತ್ತಾಗುತ್ತದೆ. ಬೆರೆಸಿದ ಕೂಡಲೇ ಜಾಡಿ ಮುಟ್ಟಿ ನೋಡಿ, ಬೆಚ್ಚಗಾಗಿರುತ್ತದೆ. ಸಣ್ಣ ಸಣ್ಣ ಗುಳ್ಳೆಗಳೂ ಏಳುತ್ತವೆ. ಅದು ದ್ರವದಲ್ಲಿ ಕರಗಿದ್ದ ಗಾಳಿ ಹೊರಬರುವುದು. ಹಾಗಾಗಿ ತಣ್ಣಗಾಗಿ ಗುಳ್ಳೆ ನಿಲ್ಲುವವರೆಗೆ ಕಾದು ಅಳೆಯಬೇಕು. ಬಿಸಿಯಲ್ಲಿ ಅಳೆದರೆ ಕುಗ್ಗಿದ್ದು ಕಡಿಮೆ ಅಂತ ಕಾಣುತ್ತದೆ.

ನಿಮ್ಮ ಮಿಶ್ರಣದ ಸಾಂದ್ರತೆ 89.4ನ್ನು 96.5ರಿಂದ ಭಾಗಿಸಿದರೆ 0.926. ಎರಡರ ಸಾಂದ್ರತೆ ಕೂಡಿಸಿ ಅರ್ಧ ಮಾಡಿದ್ದರೆ 0.894 ಬರುತ್ತಿತ್ತು. ಪರೀಕ್ಷೆಯಲ್ಲಿ ಮಿಶ್ರಣದ ಸಾಂದ್ರತೆ ಕೇಳಿದಾಗ ಸರಾಸರಿ ತೆಗೆದು ಬರೆಯುವವರು ಇದನ್ನು ಗಮನಿಸಬೇಕು. ಎಲ್ಲ ಜೋಡಿಗಳೂ ಕುಗ್ಗುವುದಿಲ್ಲ. ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್ ಬೆರೆಸಿದರೆ ಗಾತ್ರ ಸ್ವಲ್ಪ ಹೆಚ್ಚುತ್ತದೆ.

ಪ್ರಶ್ನೆ: ಭಾರಜಲ ನಿಜವಾಗಿ ಭಾರವೇ, ಅಥವಾ ಬರೀ ಹೆಸರೇ?

ಉತ್ತರ: ನಿಜವಾಗಿ ಭಾರ. ಅದರಲ್ಲಿ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ, ಅಂದರೆ ಸುಮಾರು ಎರಡರಷ್ಟು ಭಾರದ ಹೈಡ್ರೋಜನ್ ಇರುತ್ತದೆ. ಮಾಮೂಲಿ ನೀರಿನ ಅಣುವಿನ ರಾಶಿ 18 ಆದರೆ ಇದರದ್ದು 20. ಅಣು ಹಿಡಿಯುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ಸಾಂದ್ರತೆ 20 ಭಾಗ 18, ಅಂದರೆ ಸುಮಾರು 1.11 ಪಟ್ಟು ಇರಬೇಕು. ಅಳೆದರೆ 1.107 ಪಟ್ಟು! ಕಾಗದದ ಮೇಲಿನ ಲೆಕ್ಕ ಇಷ್ಟು ಹತ್ತಿರ ಬಂದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಭಾರಜಲದ ಮಂಜುಗಡ್ಡೆಯನ್ನು ಮಾಮೂಲಿ ನೀರಿಗೆ ಹಾಕಿದರೆ ಮುಳುಗುತ್ತದೆ. ನೋಡಲು ಎರಡೂ ಮಂಜುಗಡ್ಡೆ ಒಂದೇ ಥರ.

ಪ್ರಶ್ನೆ: ನಾನು ಗ್ಯಾರೇಜ್‌ನಲ್ಲಿ ಕೆಲಸ ಮಾಡುತ್ತೇನೆ. ಬ್ಯಾಟರಿಯ ಆಸಿಡ್‌ಗೆ ಹೈಡ್ರೋಮೀಟರ್ ಹಾಕಿ ಚಾರ್ಜ್ ಎಷ್ಟಿದೆ ಅಂತ ಹೇಳುತ್ತೇವೆ. ತೇಲುವ ಗಾಜಿನ ಕೊಳವೆಗೆ ವಿದ್ಯುತ್ ವಿಷಯ ಹೇಗೆ ಗೊತ್ತಾಗುತ್ತದೆ?

ಉತ್ತರ: ಅದಕ್ಕೆ ಗೊತ್ತಾಗುವುದು ಸಾಂದ್ರತೆ ಮಾತ್ರ. ಉಳಿದದ್ದು ರಸಾಯನಶಾಸ್ತ್ರ. ಬ್ಯಾಟರಿ ವಿದ್ಯುತ್ ಕೊಡುವಾಗ ಗಂಧಕಾಮ್ಲ ಖರ್ಚಾಗಿ, ಸೀಸದ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಆಗಿ ಕೂರುತ್ತದೆ. ಜೊತೆಗೆ ನೀರು ಹುಟ್ಟುತ್ತದೆ. ದ್ರವ ತೆಳುವಾಗುತ್ತದೆ. ಪೂರ್ತಿ ಚಾರ್ಜ್ ಇದ್ದಾಗ 1.26ರಿಂದ 1.28 ಇರುವ ಸಾಂದ್ರತೆ, ಖಾಲಿಯಾದಾಗ 1.15 ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ.

ಈಗ ಹೈಡ್ರೋಮೀಟರ್. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ತಳ್ಳುತ್ತದೆ. ಇದು ಆರ್ಕಿಮಿಡೀಸ್ ಕಂಡ ನಿಯಮ. ಕೊಳವೆಯ ತೂಕ ಬದಲಾಗುವುದಿಲ್ಲ. ದ್ರವ ಸಾಂದ್ರವಾಗಿದ್ದರೆ ಆ ತೂಕಕ್ಕೆ ಸ್ವಲ್ಪ ಗಾತ್ರ ತಳ್ಳಿದರೆ ಸಾಕು, ಕೊಳವೆ ಮೇಲೆ ನಿಲ್ಲುತ್ತದೆ. ತೆಳುವಾಗಿದ್ದರೆ ಹೆಚ್ಚು ಗಾತ್ರ ತಳ್ಳಬೇಕು, ಆಳಕ್ಕೆ ಇಳಿಯುತ್ತದೆ. ಕೊಳವೆಯ ಮೇಲೆ ಅಂಕಿ ಬರೆದಿರುವ ಉದ್ದನೆಯ ಪಟ್ಟಿ ಇದ್ದರೆ ಹತ್ತಿರದಿಂದ ನೋಡಿ. ಅಂಕಿಗಳು ಕೆಳಗೆ ಹೋದಂತೆ ದೊಡ್ಡದಾಗುತ್ತವೆ. ಗೆರೆಗಳ ನಡುವಿನ ಅಂತರವೂ ಒಂದೇ ಸಮ ಇರುವುದಿಲ್ಲ, ಕೆಳಗೆ ಹೋದಂತೆ ಒತ್ತೊತ್ತಾಗುತ್ತವೆ. ಮುಳುಗುವ ಗಾತ್ರ ಅಂದರೆ ಕೊಳವೆಯ ರಾಶಿಯನ್ನು ಸಾಂದ್ರತೆಯಿಂದ ಭಾಗಿಸಿದ್ದು. ಭಾಗಾಕಾರ ಇರುವುದರಿಂದಲೇ ಗೆರೆಗಳು ಹಾಗೆ ಬಂದಿವೆ.

ಹಡಗಿಗೂ ಇದೇ ನಿಯಮ. 10,000 ಟನ್‌ನ ಹಡಗು ಸಮುದ್ರದಲ್ಲಿ ಸುಮಾರು 9,760 ಘನ ಮೀಟರ್ ನೀರು ತಳ್ಳುತ್ತದೆ. ನದಿಯೊಳಗೆ ಬಂದರೆ 10,000 ಘನ ಮೀಟರ್ ತಳ್ಳಬೇಕು, ಹಾಗಾಗಿ ಇನ್ನಷ್ಟು ಕೆಳಗೆ ಕೂರುತ್ತದೆ. ಹಡಗಿನ ಪಕ್ಕದಲ್ಲಿ ಸಿಹಿನೀರಿಗೆ ಬೇರೆ, ಉಪ್ಪುನೀರಿಗೆ ಬೇರೆ ಗೆರೆ ಬರೆದಿರುವುದು ಇದಕ್ಕೇ.

ಆಸಿಡ್ ಹತ್ತಿರ ಹೋಗುವಾಗ ಕಣ್ಣಿಗೆ ಕನ್ನಡಕ ಇರಲಿ. ಇದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಅದೇ ಹೈಡ್ರೋಮೀಟರನ್ನು ಚಂದ್ರನ ಮೇಲೆ, ಗಾಳಿ ತುಂಬಿದ ಕೋಣೆಯೊಳಗೆ ಬಳಸಿದರೆ ಬೇರೆ ಅಂಕಿ ತೋರಿಸುತ್ತದೆಯೇ? ಅಲ್ಲಿ ತೂಕ ಆರನೇ ಒಂದು ಭಾಗ ಅಲ್ಲವೇ?

ಉತ್ತರ: ಅದೇ ಅಂಕಿ ತೋರಿಸುತ್ತದೆ. ಕೊಳವೆಯ ತೂಕ ಆರನೇ ಒಂದು ಭಾಗ ಆಗುತ್ತದೆ, ಅದು ತಳ್ಳುವ ದ್ರವದ ತೂಕವೂ ಅಷ್ಟೇ ಆಗುತ್ತದೆ. ಎರಡೂ ಒಟ್ಟಿಗೆ ಇಳಿದರೆ ಮುಳುಗುವ ಗಾತ್ರ ಬದಲಾಗುವುದಿಲ್ಲ. ಸ್ಪ್ರಿಂಗ್ ತಕ್ಕಡಿ ಮಾತ್ರ ಬೇರೆ ಹೇಳುತ್ತದೆ. ಎರಡು ತಟ್ಟೆಯ ತಕ್ಕಡಿ ಹೇಳುವುದಿಲ್ಲ. ಭೂಮಿ ಸುತ್ತುವ ಅಂತರಿಕ್ಷ ನಿಲ್ದಾಣದಲ್ಲಿ ಹೈಡ್ರೋಮೀಟರ್ ಕೆಲಸವೇ ಮಾಡುವುದಿಲ್ಲ. ಅಲ್ಲಿ ತೇಲುವುದು ಮುಳುಗುವುದು ಅನ್ನುವುದೇ ಇಲ್ಲ. ದ್ರವದ ಸಾಂದ್ರತೆ ಅಲ್ಲೂ ಅಷ್ಟೇ ಇರುತ್ತದೆ.

ಪ್ರಶ್ನೆ: ನನ್ನ ಹತ್ತಿರ ಅಳತೆ ಜಾಡಿ ಇಲ್ಲ, ಹೈಡ್ರೋಮೀಟರೂ ಇಲ್ಲ. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಮಾತ್ರ ಇದೆ. ಮನೆಯಲ್ಲೇ ಎಣ್ಣೆಯ ಸಾಂದ್ರತೆ ಅಳೆಯಬಹುದೇ?

ಉತ್ತರ: ಧಾರಾಳವಾಗಿ. ಜಾಡಿಯಲ್ಲಿ ಗೆರೆ ಓದುವುದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಸಣ್ಣ ಬಾಯಿಯ, ಬಿಗಿ ಮುಚ್ಚಳದ ಒಂದು ಚಿಕ್ಕ ಬಾಟಲಿ ಸಾಕು. ಮುಚ್ಚಳ ಸಮೇತ ಖಾಲಿ ಬಾಟಲಿ ತೂಗಿ. 31.4 ಗ್ರಾಂ ಬಂತು ಅಂತಿಟ್ಟುಕೊಳ್ಳಿ. ಅಂಚಿನವರೆಗೆ ನೀರು ತುಂಬಿ, ಮುಚ್ಚಿ, ಹೊರಗೆ ಒರೆಸಿ ತೂಗಿ. 133.1 ಬಂತು. ಅಂದರೆ ನೀರು 101.7 ಗ್ರಾಂ. ಕೋಣೆ 25 ಡಿಗ್ರಿ ಇದ್ದರೆ ನೀರಿನ ಸಾಂದ್ರತೆ 0.997. ಭಾಗಿಸಿದರೆ ಬಾಟಲಿಯ ಗಾತ್ರ 102.0 ಮಿಲಿಲೀಟರ್. ನೋಡಿ, ಗಾತ್ರವನ್ನು ತಕ್ಕಡಿಯಿಂದಲೇ ಅಳೆದಾಯಿತು.

ಈಗ ಅದೇ ಬಾಟಲಿಯನ್ನು ಪೂರ್ತಿ ಒಣಗಿಸಿ ಎಣ್ಣೆ ತುಂಬಿ. 129.3 ಬಂದರೆ ಎಣ್ಣೆ 97.9 ಗ್ರಾಂ. 102.0ರಿಂದ ಭಾಗಿಸಿ. 0.960. ಹರಳೆಣ್ಣೆ ಇದ್ದೀತು.

ಮೊದಲು ನೀರು, ಆಮೇಲೆ ಎಣ್ಣೆ. ಈ ಕ್ರಮ ಬಿಡಬೇಡಿ. ಎಣ್ಣೆಯ ಜಿಡ್ಡು ಉಳಿದ ಬಾಟಲಿಗೆ ನೀರು ತುಂಬಿದರೆ ಲೆಕ್ಕ ಕೆಡುತ್ತದೆ. ಮಂದ ಎಣ್ಣೆಯಲ್ಲಿ ಗುಳ್ಳೆಗಳು ಸಿಕ್ಕಿಹಾಕಿಕೊಂಡಿರುತ್ತವೆ. ಮುಚ್ಚಳ ಹಾಕದೆ ಸ್ವಲ್ಪ ಹೊತ್ತು ಬಿಡಿ, ಗುಳ್ಳೆ ಮೇಲೆ ಬಂದ ಮೇಲೆ ಮತ್ತೆ ಅಂಚಿನವರೆಗೆ ತುಂಬಿ ಮುಚ್ಚಿ. ನೀರು, ಎಣ್ಣೆ ಎರಡೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇಟ್ಟವಾಗಿರಲಿ. ಮೂರೂ ತೂಕಗಳನ್ನು, ಆ ದಿನದ ಕೋಣೆಯ ತಾಪಮಾನವನ್ನು ಬರೆದು ನನಗೆ ಕಳಿಸಿ. ಯಾವ ಎಣ್ಣೆ ಅಂತ ಮಾತ್ರ ಹೇಳಬೇಡಿ. ನಾನೇ ಹೇಳಲು ಪ್ರಯತ್ನ ಮಾಡುತ್ತೇನೆ.